ಅಂಬಾಸಿಡರ್ 1489 ಸಿಸಿಗೆ ಜೋಡಿ ಎಸ್‌ಯು: ಐಡಲ್ ನಿಲ್ತಿಲ್ಲ

ಪ್ರಶ್ನೆ, ಮೈಸೂರು:
ಒಂದೂವರೆ ಇಂಚಿನ ಜೋಡಿ ಎಸ್‌ಯು ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸೋ ಭಾಗ) ಕೂರಿಸಾಗಿದೆ. ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡೋ ವೇಗ) ಏರಿಳಿತ, ಹಿಂದಿನ ಎರಡು ಸ್ಪಾರ್ಕ್ ಪ್ಲಗ್ ಕಪ್ಪು. ಎಲ್ಲಿಂದ ಶುರು ಮಾಡ್ಲಿ?

ಉತ್ತರ, ಮೈಸೂರು:
ಮೊದಲು ಟ್ಯಾಪೆಟ್ (ವಾಲ್ವ್ ಗ್ಯಾಪ್), ಡಿಸ್ಟ್ರಿಬ್ಯೂಟರ್ ಪಾಯಿಂಟ್, ಕಿಡಿಯ ಟೈಮಿಂಗ್ ನೋಡಿ ಸರ್. ಆಮೇಲೆ ಎರಡೂ ಥ್ರಾಟಲ್ (ಒಳಗೆ ಗಾಳಿ ಬಿಡೋ ಬಾಗಿಲು) ಜೋಡಿಸೋ ಕ್ಲ್ಯಾಂಪ್ ಸಡಿಲಿಸಿ. ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಎರಡೂ ಕಾರ್ಬಿನ ಬಾಯಲ್ಲಿ 'ಸುಯ್' ಸದ್ದು ಒಂದೇ ಸಮ ಬರೋವರೆಗೆ ಐಡಲ್ ಸ್ಕ್ರೂ ತಿರುಗಿಸಿ. ಜೆಟ್ಟನ್ನ (ಪೆಟ್ರೋಲ್ ಬರೋ ಸಣ್ಣ ನಳಿಕೆ) ಬ್ರಿಡ್ಜ್ (ಕಾರ್ಬಿನೊಳಗಿನ ಉಬ್ಬು ತಳ) ಮಟ್ಟಕ್ಕೆ ತಂದು ಎರಡು ಸುತ್ತು ಇಳಿಸಿ. ಕಾರ್ಬಿನ ಪಿಸ್ಟನ್ 1 ಮಿ.ಮೀ. ಎತ್ತಿದಾಗ ಆರ್‌ಪಿಎಂ ಏರಿ ಅಲ್ಲೇ ಉಳಿದರೆ ರಿಚ್ (ಪೆಟ್ರೋಲ್ ಜಾಸ್ತಿ), ಕುಸಿದರೆ ಲೀನ್ (ಪೆಟ್ರೋಲ್ ಕಮ್ಮಿ).

ಉತ್ತರ, ಮಂಡ್ಯ:
ಹಿಂದಿನವೇ ಕಪ್ಪಾಗಿದ್ರೆ ಹಿಂದಿನ ಕಾರ್ಬಿನ ಫ್ಲೋಟ್ ನೀಡಲ್ (ಪೆಟ್ರೋಲ್ ಒಳಬರೋದನ್ನ ತಡೆಯೋ ಮುಳ್ಳು) ಸೋರ್ತಿರಬೋದು ಕಣಣ್ಣ. ಈ ಎಂಜಿನ್ ಹೆಡ್‌ನಲ್ಲಿ ಹಿಂದಿನ 3-4ನೇ ಸಿಲಿಂಡರ್‌ಗೆ ಒಂದೇ ಇನ್‌ಟೇಕ್ ಪೋರ್ಟು (ಮಿಶ್ರಣ ಒಳಹೋಗೋ ದಾರಿ), ಅದಕ್ಕೇ ಎರಡೂ ಕಪ್ಪು. ಫ್ಯೂಯಲ್ ಪಂಪ್ ಒತ್ತಡ 3 ಪಿಎಸ್‌ಐ ದಾಟಬಾರ್ದು. ಥ್ರಾಟಲ್ ಸ್ಪಿಂಡಲ್ (ಥ್ರಾಟಲ್ ತಿರುಗೋ ಕಡ್ಡಿ) ಅಲ್ಲಾಡ್ತಿದ್ರೆ ಗಾಳಿ ಎಳೀತದೆ. ಬುಷ್ (ಸ್ಪಿಂಡಲ್ ಕೂರೋ ಬಳೆ) ಹಾಕಿಸ್ದೆ ಎಷ್ಟು ಟ್ಯೂನ್ ಮಾಡಿದ್ರೂ ದಂಡ.