ಹತ್ತು ವರ್ಷದ ಮಕ್ಕಳಿಗೆ ಫುಟ್‌ಬಾಲ್: ಹುರುಪು ಕುಂದದಂತೆ ಕೌಶಲ ಕಲಿಸುವುದು ಹೇಗೆ?

ಪ್ರಶ್ನೆ: ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ
ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ ಒಂಬತ್ತರಿಂದ ಹನ್ನೊಂದು ವರ್ಷದ 20 ಮಕ್ಕಳು ವಾರಕ್ಕೆ ಮೂರು ದಿನ ಫುಟ್‌ಬಾಲ್ ಅಭ್ಯಾಸಕ್ಕೆ ಬರುತ್ತಾರೆ. ಸಾಲಾಗಿ ನಿಲ್ಲಿಸಿ ಪಾಸ್, ಡ್ರಿಬ್ಲಿಂಗ್ (ಚೆಂಡನ್ನು ಕಾಲಿನಲ್ಲೇ ಉರುಳಿಸುತ್ತ ಓಡುವುದು) ಮಾಡಿಸಿದರೆ ಹತ್ತೇ ನಿಮಿಷದಲ್ಲಿ ಅವರ ಮುಖ ಬಾಡುತ್ತದೆ. ಪಂದ್ಯಕ್ಕೆ ಬಿಟ್ಟರೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರೂ ಚೆಂಡಿಗೆ ಮುತ್ತಿಕೊಳ್ಳುತ್ತಾರೆ. ನಮ್ಮಲ್ಲಿರುವುದು ದೊಡ್ಡವರು ಆಡುವ ಐದನೇ ಸೈಜಿನ ಎರಡು ಚೆಂಡುಗಳು ಮಾತ್ರ. ಏನು ಮಾಡಬಹುದು?

ಉತ್ತರ: ತರಬೇತುದಾರ, ಬೆಂಗಳೂರು
ಮೇಡಂ, ಮಕ್ಕಳಿಗೆ ಬೇಸರ ತರಿಸುತ್ತಿರುವುದು ಕೌಶಲದ ಅಭ್ಯಾಸವಲ್ಲ, ಆ ಸಾಲು. ಹತ್ತು ಮಂದಿಯ ಹಿಂದೆ ನಿಂತ ಮಗುವಿಗೆ ಚೆಂಡು ಸಿಗುವುದು ಯಾವಾಗಲೋ ಒಮ್ಮೆ. ಮೈದಾನವನ್ನು ಚಿಕ್ಕ ಚಿಕ್ಕ ಅಂಕಣಗಳಾಗಿ ಹಂಚಿ, ಎರಡು ಕಡೆ ನಾಲ್ವರ ಎದುರು ನಾಲ್ವರನ್ನು ಆಡಿಸಿ. ಉಳಿದ ನಾಲ್ವರಲ್ಲಿ ಮೂವರು ಸುತ್ತ ನಿಂತು, ನಡುವಿನವನಿಗೆ ಸಿಗದಂತೆ ಚೆಂಡು ದಾಟಿಸಲಿ. ಇದಕ್ಕೆ ಬೇಕಾದ ಮೂರನೆಯ ಚೆಂಡನ್ನು ಕೊಳ್ಳುವಾಗ ನಾಲ್ಕನೇ ಸೈಜಿನದನ್ನೇ ಕೊಳ್ಳಿ, ಈ ವಯಸ್ಸಿನ ಕಾಲಿಗೆ ಅದೇ ಸರಿಯಾದ ಅಳತೆ.

ತಿದ್ದುವಾಗ ಒಂದು ದಿನಕ್ಕೆ ಒಂದೇ ವಿಷಯವನ್ನು ಹಿಡಿದುಕೊಳ್ಳಿ. ನನ್ನಲ್ಲಿ ಕಲಿಯುವ ಹುಡುಗಿಯೊಬ್ಬಳು ಬಂದ ಚೆಂಡನ್ನೆಲ್ಲ ಅಂಗಾಲಿನಡಿ ಒತ್ತಿ ನಿಲ್ಲಿಸುತ್ತಿದ್ದಳು, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಿದ್ದ. ಚೆಂಡು ಬರುವ ಮೊದಲೇ ಒಮ್ಮೆ ಹಿಂದೆ ನೋಡಿ, ಓರೆಯಾಗಿ ನಿಂತು, ಆಚೆಯ ಕಾಲಿನ ಒಳಬದಿಯಿಂದ ಚೆಂಡನ್ನು ತಾನು ಹೋಗಬೇಕಾದ ದಿಕ್ಕಿಗೇ ಮೆಲ್ಲನೆ ತಳ್ಳಿಕೊಳ್ಳಲು ಹೇಳಿದೆ. ಮೂರನೆಯ ವಾರ ಒಂದು ಸಲ ಅದು ಕೂಡಿಬಂತು. ಎದುರಾಳಿಯನ್ನು ದಾಟಿದ ಹುಡುಗಿ ಗೋಲಿನತ್ತ ಓಡುವುದನ್ನೂ ಮರೆತು ನನ್ನ ಕಡೆ ತಿರುಗಿ ನಕ್ಕಳು. ಅಂದಿನಿಂದ ಅವಳನ್ನು ಅಭ್ಯಾಸಕ್ಕೆ ಕರೆಯಬೇಕಾಗಿಯೇ ಬಂದಿಲ್ಲ.

ಉತ್ತರ: ಹಳೆಯ ಆಟಗಾರ, ಗೌತಮಪುರ, ಬೆಂಗಳೂರು
ಪೆಲೆಯವರ ಪ್ರತಿಮೆ ನಿಲ್ಲಿಸಿರುವ ನಮ್ಮ ಕೇರಿಯಲ್ಲಿ ನಾವು ಗಲ್ಲಿಯ ಗೋಡೆಗೆ ರಬ್ಬರ್ ಚೆಂಡು ಒದ್ದು ಒದ್ದೇ ಕಲಿತವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದ ಬಹುತೇಕರು ಆಡಿದ್ದು ಬರಿಗಾಲಿನಲ್ಲಿ. ಈಗ ಬೂಟು ಬಿಡಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಮಕ್ಕಳಿಗೆ ತಲಾ ಒಂದು ಅಗ್ಗದ ರಬ್ಬರ್ ಚೆಂಡು ಕೊಟ್ಟು, ಗೋಡೆಯೆದುರು ಹತ್ತು ನಿಮಿಷ ಬಿಡಿ. ಎಡಗಾಲನ್ನೂ ಬಲಗಾಲಿನಷ್ಟೇ ಬಳಸಬೇಕೆಂಬ ಕಟ್ಟುಪಾಡು ಮಾತ್ರ ಇರಲಿ.

ಉತ್ತರ: ಪೋಷಕರು, ಮೈಸೂರು
ಈ ವಯಸ್ಸಿನಲ್ಲಿ ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸ ದಯವಿಟ್ಟು ಬೇಡ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು 2020ರಲ್ಲಿಯೇ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ಅದನ್ನು ಮಾಡಿಸಬಾರದೆಂದು ಮಾರ್ಗಸೂಚಿ ಹೊರಡಿಸಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಹೆಡಿಂಗ್ ಅನ್ನು ಇಂದಿನಿಂದಲೇ ಕೈಬಿಡುತ್ತೇನೆ. ನಾಲ್ಕನೇ ಸೈಜಿನ ಚೆಂಡಿಗಾಗಿ ಮುಖ್ಯೋಪಾಧ್ಯಾಯರಲ್ಲಿ ಕೇಳುತ್ತೇನೆ; ಅದು ಬರುವವರೆಗೆ ಅಡುಗೆಮನೆಯ ಹಿಂದಿನ ಉದ್ದ ಗೋಡೆಯೆದುರು ರಬ್ಬರ್ ಚೆಂಡುಗಳಿಂದ ಆರಂಭಿಸುತ್ತೇವೆ.