ಸಿಬ್ಬಂದಿ ಪಕ್ಷಕ್ಕೆ ಕೊಡುವ ದೇಣಿಗೆ ಕಂಪನಿಯ ದೇಣಿಗೆ ಎನಿಸುತ್ತದೆಯೇ?

ಬೆಳ್ಳಂದೂರು ನಿವಾಸಿ:
ಮಾನ್ಯರೇ, ನಾನು ಹೊರವರ್ತುಲ ರಸ್ತೆಯ ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಮ್ಯಾನೇಜರ್ ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಕ್ಷವೊಂದರ ಕ್ಯೂಆರ್ ಕೋಡ್ ಹಾಕಿ, ‘ಇಷ್ಟವಿದ್ದವರು ಕೊಡಿ, ಕೊಟ್ಟವರು ಸ್ಕ್ರೀನ್‌ಶಾಟ್ ಹಾಕಿ’ ಎಂದು ಬರೆದಿದ್ದಾರೆ. ಇಷ್ಟವಿದ್ದವರು ಮಾತ್ರ ಕೊಡುವುದಾದರೆ ಸ್ಕ್ರೀನ್‌ಶಾಟ್ ಏಕೆ ಬೇಕೋ ತಿಳಿಯದು. ಹೀಗೆ ಕೊಟ್ಟ ಹಣ ಕಂಪನಿಯ ಲೆಕ್ಕಕ್ಕೆ ಸೇರುತ್ತದೆಯೇ? ತೆರಿಗೆ ಉಳಿಯುತ್ತದೆ ಎನ್ನುವ ಅವರ ಮಾತು ನಿಜವೇ? ನಮ್ಮ ಕೇಂದ್ರ ಕಚೇರಿ ಅಮೆರಿಕದಲ್ಲಿದೆ. ಅಲ್ಲಿನ ದೇಣಿಗೆ ಪಟ್ಟಿಗಳಲ್ಲಿ ನಮ್ಮ ಕಂಪನಿಯ ಹೆಸರಿನ ಮುಂದೆ ದೊಡ್ಡ ಮೊತ್ತ ಕಂಡದ್ದರಿಂದಲೂ ಈ ಸಂಶಯ ಬಂದಿದೆ.

ಲೆಕ್ಕ ಪರಿಶೋಧಕ, ಜಯನಗರ:
ನಿಮ್ಮ ಖಾತೆಯಿಂದ ಹೋದ ನಿಮ್ಮ ಸಂಬಳದ ಹಣ ನಿಮ್ಮದೇ ದೇಣಿಗೆ. ಕಂಪನಿ ಕೊಡುವುದಾದರೆ 2013ರ ಕಂಪನಿ ಕಾಯ್ದೆಯ 182ನೇ ಕಲಮಿನಂತೆ ನಿರ್ದೇಶಕ ಮಂಡಳಿಯ ನಿರ್ಣಯ ಬೇಕು, ಲಾಭ-ನಷ್ಟದ ಲೆಕ್ಕದಲ್ಲಿ ತೋರಿಸಬೇಕು. ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿಯನ್ನು 2017ರಲ್ಲಿ ತೆಗೆದುಹಾಕಲಾಗಿತ್ತು; 2024ರ ಫೆಬ್ರುವರಿ 15ರಂದು ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಪಡಿಸಿದ ತೀರ್ಪಿನಲ್ಲಿಯೇ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನೂ ಅಸಿಂಧುಗೊಳಿಸಿತು. ಇಷ್ಟೆಲ್ಲ ಕಟ್ಟುಪಾಡು ಇರುವಾಗ, ನೌಕರರ ಕೈಯಿಂದ ಕೊಡಿಸಿ ಬೋನಸ್ ರೂಪದಲ್ಲಿ ತುಂಬಿಕೊಟ್ಟರೆ ಅದು ಹಿಂಬಾಗಿಲಿನಿಂದ ಕಂಪನಿಯೇ ಕೊಟ್ಟಂತೆ.

ತೆರಿಗೆಯ ಮಾತು ಅರ್ಧ ನಿಜ. ಪಕ್ಷಕ್ಕೆ ಕೊಟ್ಟ ದೇಣಿಗೆಗೆ ಸಿಗುವ ಆದಾಯ ತೆರಿಗೆ ಕಡಿತ (1961ರ ಕಾಯ್ದೆಯಲ್ಲಿ 80ಜಿಜಿಸಿ ಕಲಮು) ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಅದೂ ನೋಂದಾಯಿತ ಪಕ್ಷಕ್ಕೆ ಅಥವಾ ಚುನಾವಣಾ ಟ್ರಸ್ಟ್‌ಗೆ (ದೇಣಿಗೆ ಸಂಗ್ರಹಿಸಿ ಪಕ್ಷಗಳಿಗೆ ಹಂಚುವ ಸಂಸ್ಥೆ) ನಗದಲ್ಲದ ರೂಪದಲ್ಲಿ ಕೊಟ್ಟರೆ ಮಾತ್ರ. ಅಭ್ಯರ್ಥಿಯ ಸ್ವಂತ ಖಾತೆಗೆ ಹಾಕಿದರೆ ಏನೂ ಸಿಗದು. ಹೆಸರೇ ಕೇಳದ ಪಕ್ಷಕ್ಕೆ ಹಣ ಹಾಕಿಸಿ, ಕಮಿಷನ್ ಮುರಿದುಕೊಂಡು ಉಳಿದದ್ದನ್ನು ನಗದಾಗಿ ಹಿಂದಿರುಗಿಸುವ ದಂಧೆಯೂ ಇದೆ. ಇಂಥ ಸುಳ್ಳು ಕಡಿತಗಳ ಬಗ್ಗೆ ತೆರಿಗೆ ಇಲಾಖೆ 2025ರ ಜುಲೈ 14ರಂದು ದೇಶದ 150 ಕಡೆ ಪರಿಶೀಲನೆ ನಡೆಸಿತ್ತು. ನಿಮ್ಮ ಮ್ಯಾನೇಜರ್ ಹೇಳುವ ಪಕ್ಷ ಯಾವುದೆಂದು ಮೊದಲು ನೋಡಿಕೊಳ್ಳಿ.

ಮಲ್ಲೇಶ್ವರದ ಓದುಗ:
ಅಮೆರಿಕದ ಪಟ್ಟಿಯ ಬಗ್ಗೆ: ಅಲ್ಲಿ ಕಂಪನಿಗಳು ಫೆಡರಲ್ (ರಾಷ್ಟ್ರಮಟ್ಟದ) ಅಭ್ಯರ್ಥಿಗಳಿಗೆ ನೇರವಾಗಿ ಹಣ ಕೊಡುವುದಕ್ಕೆ 1907ರಿಂದಲೇ ನಿಷೇಧವಿದೆ. ಆದರೆ ಒಬ್ಬ ವ್ಯಕ್ತಿಯ ದೇಣಿಗೆ 200 ಡಾಲರ್ ಮೀರಿದರೆ ಆತನ ಉದ್ಯೋಗ ಮತ್ತು ಉದ್ಯೋಗದಾತರ ಹೆಸರನ್ನೂ ಚುನಾವಣಾ ಆಯೋಗಕ್ಕೆ ತಿಳಿಸಬೇಕಾಗುತ್ತದೆ. ಆ ವಿವರಗಳನ್ನು ಕೂಡಿಸಿ ‘ಇಂಥ ಕಂಪನಿಯಿಂದ ಇಷ್ಟು’ ಎಂದು ತೋರಿಸುವವರು ಬೇರೆಯವರು. ನೀವು ಕಂಡ ಮೊತ್ತದಲ್ಲಿ ಅಲ್ಲಿನ ನೌಕರರು ತಮ್ಮಿಷ್ಟದಂತೆ, ಕೆಲವೊಮ್ಮೆ ಎದುರಾಳಿ ಪಕ್ಷಗಳೆರಡಕ್ಕೂ, ಕೊಟ್ಟ ಹಣ ಸೇರಿರುತ್ತದೆ. ಎಚ್‌1ಬಿ ವೀಸಾದಲ್ಲಿರುವ ನಮ್ಮವರು ಮಾತ್ರ ಒಂದು ಡಾಲರ್ ಕೂಡ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು.

ನಿವೃತ್ತ ನೌಕರ, ವಿಜಯನಗರ:
ತಂಡದವರ ಮನೆಗಳಲ್ಲಿ ಕೇಂದ್ರ ಸರ್ಕಾರಿ ನೌಕರರಿದ್ದರೆ ಅವರ ಖಾತೆಯಿಂದ ಆ ಕ್ಯೂಆರ್ ಕೋಡ್‌ಗೆ ಹಣ ಹಾಕಿಸಬೇಡಿ. 1964ರ ನಡತೆ ನಿಯಮಗಳ 5ನೇ ನಿಯಮದಂತೆ ಅವರು ರಾಜಕೀಯ ಚಟುವಟಿಕೆಗೆ ವಂತಿಗೆ ಕೊಡುವಂತಿಲ್ಲ.

ಲೆಕ್ಕ ಪರಿಶೋಧಕ, ಜಯನಗರ:
ಸ್ಕ್ರೀನ್‌ಶಾಟ್ ವಿಷಯ ಬಿಟ್ಟುಹೋಗಿತ್ತು. ವರ್ಷಕ್ಕೆ 20,000 ರೂಪಾಯಿ ಮೀರಿ ಕೊಟ್ಟವರ ಹೆಸರನ್ನು ಪಕ್ಷವೇ ಚುನಾವಣಾ ಆಯೋಗಕ್ಕೆ ಸಲ್ಲಿಸುತ್ತದೆ. ಅದಕ್ಕಿಂತ ಕಡಿಮೆ ಕೊಟ್ಟವರ ಹೆಸರು ನಿಮ್ಮ ಮ್ಯಾನೇಜರ್‌ಗೆ ತಿಳಿಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಕೊಡುವ ಮನಸ್ಸಿದ್ದರೆ ನೇರವಾಗಿ ಪಕ್ಷಕ್ಕೆ ಕೊಟ್ಟು, ಪ್ಯಾನ್ ಸಂಖ್ಯೆಯಿರುವ ರಸೀದಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ; ಗುಂಪಿನಲ್ಲಿ ಹಾಕಬೇಡಿ.