ರಸ್ತೇಲಿ ನಿಲ್ಲಿಸಿ ಫೋನ್ ಲಾಕ್ ತೆಗಿ ಅಂದ್ರೆ ತೆಗೀಬೇಕಾ?

ರಾತ್ರಿಪಾಳಿ:
ಹೋದ ವಾರ ಶಿಫ್ಟ್ ಮುಗಿಸಿ ಬೈಕಲ್ಲಿ ಬರ್ತಾ ಇದ್ದೆ. ರಾತ್ರಿ ಒಂದೂವರೆ. ಪೊಲೀಸರು ಬ್ಯಾರಿಕೇಡ್ ಹಾಕಿದ್ದರು. ಲೈಸೆನ್ಸ್ ನೋಡಿದರು, ಆರ್‌ಸಿ ನೋಡಿದರು, ಊದಿಸಿದರು. ಎಲ್ಲಾ ಸರಿಯಿತ್ತು. ಆಮೇಲೆ ಒಬ್ಬರು "ಫೋನ್ ಕೊಡು, ಲಾಕ್ ತೆಗಿ" ಅಂದರು. ಕೊಟ್ಟೆ. ಆ ಹೊತ್ತಲ್ಲಿ ಯಾರು ವಾದ ಮಾಡ್ತಾರೆ?

ವಾಟ್ಸ್‌ಆ್ಯಪ್ ತೆರೆದು ಸರ್ಚ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಗಾಂಜಾ ಅಂತ ಹೊಡೆಯೋಕೆ ಶುರು ಮಾಡಿದರು. ಪೂರ್ತಿ ಹೊಡೆಯುವ ಮೊದಲೇ ಸಾಲಾಗಿ ಬಂತು ನೋಡಿ: "ಗಂಜಿ ಮಾಡಿಟ್ಟಿದ್ದೀನಿ", "ಗಂಜಿ ಕುಡಿದು ಮಲಕ್ಕೋ", "ಗಂಜಿಗೆ ಉಪ್ಪು ಹಾಕಿಲ್ಲ". ಎಲ್ಲಾ ನಮ್ಮಮ್ಮ. ಅವರು ನಕ್ಕು ಫೋನ್ ವಾಪಸ್ ಕೊಟ್ಟರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ನಗು ನಿಂತಿತು. ಅಮ್ಮನ ಚಾಟ್ ಕೆಳಗೇ ಅಕ್ಕನ ಚಾಟ್ ಇತ್ತು. ಗಂಡನ ಮನೆಯಲ್ಲಿ ಏನೇನಾಗ್ತಿದೆ ಅಂತ ಅವಳು ಬರೆದಿದ್ದೆಲ್ಲಾ ಅದರಲ್ಲಿದೆ. ಅವರು ಅದನ್ನು ಮುಟ್ಟಲಿಲ್ಲ, ನಿಜ. ಮುಟ್ಟಿದ್ದರೆ ನಾನೇನು ಮಾಡ್ತಿದ್ದೆ? ಕೊಡಲ್ಲ ಅನ್ನೋಕೆ ಆಗ್ತಿತ್ತಾ? ಗೊತ್ತಿರೋರು ಹೇಳಿ.

ಸುಮ್ನಿರಿಸ್ವಾಮಿ:
ತಪ್ಪು ಮಾಡದವನಿಗೆ ಭಯ ಯಾಕೆ? ಎರಡು ನಿಮಿಷದ ಕೆಲಸ. ಗಂಜಿ ಕುಡಿದು ಮಲಗಿ.

ಬೈಟುಕಾಫಿ:
@ಸುಮ್ನಿರಿಸ್ವಾಮಿ ಹಾಗಾದ್ರೆ ನಿಮ್ಮ ಪಿನ್ ಇಲ್ಲೇ ಹಾಕಿಬಿಡಿ.

ಸುಮ್ನಿರಿಸ್ವಾಮಿ:
ಹಾಕಲ್ಲ. ನಮ್ಮನೆಯವಳು ಈ ಚರ್ಚೆ ಓದ್ತಾಳೆ.

ಕರಿಕೋಟು:
@ರಾತ್ರಿಪಾಳಿ ಕೊಡಲ್ಲ ಅನ್ನಬಹುದಿತ್ತು. ಆ ಹೊತ್ತಲ್ಲಿ, ಆ ರಸ್ತೆಯಲ್ಲಿ ಅನ್ನೋ ಧೈರ್ಯ ನನಗೂ ಬರ್ತಿರಲಿಲ್ಲ, ಅದು ಬೇರೆ ಮಾತು.

2021ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇದನ್ನೇ ವಿಚಾರ ಮಾಡಿತು. ಬೆಂಗಳೂರಿನ ಒಂದು ಡ್ರಗ್ಸ್ ಕೇಸು. ಪಾಸ್‌ವರ್ಡ್ ಕೊಡು ಅಂತ ತನಿಖಾಧಿಕಾರಿ ತಾನೇ ಬಲವಂತ ಮಾಡುವ ಹಾಗಿಲ್ಲ, ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು ಅಂತ ತೀರ್ಪು ಬಂತು. ತೀರಾ ತುರ್ತಿದ್ದರೆ ವಾರಂಟ್ ಇಲ್ಲದೆ ಹುಡುಕಬಹುದು, ಆದರೆ ಕಾರಣ ಬರೆದಿಡಬೇಕು. ಬೈಕಿನವನ ಫೋನಲ್ಲಿ ಗಂಜಿ ಹುಡುಕೋದು ಯಾವ ತುರ್ತಿಗೂ ಸೇರಲ್ಲ. 2021ರಲ್ಲೇ ಹೈದರಾಬಾದಿನಲ್ಲಿ ಪೊಲೀಸರು ಹೀಗೆ ದಾರಿಹೋಕರ ಚಾಟ್ ನೋಡ್ತಿದ್ದ ವಿಡಿಯೊ ಬಂದು ದೊಡ್ಡ ಗಲಾಟೆ ಆಗಿತ್ತು.

ಆದರೆ ತೀರ್ಪಿಗೆ ಇನ್ನೊಂದು ಮಗ್ಗುಲಿದೆ. ಕೋರ್ಟೇ ಕೊಡು ಅಂದರೆ ಆಗ ಪಾಸ್‌ವರ್ಡ್ ಕೊಡೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಲ್ಲ, ಬೆರಳಚ್ಚು ಕೊಟ್ಟ ಹಾಗೆ ಅಂತ ಹೈಕೋರ್ಟ್ ಹೇಳಿದೆ. ನನಗೆ ಇದು ಒಪ್ಪಿಗೆ ಇಲ್ಲ. ಬೆರಳಚ್ಚು ಕೊಡಬೇಕು ಅಂತ 1961ರಲ್ಲೇ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಹೇಳಿದ್ದಾರೆ, ಸರಿ. ಅದೇ ಸುಪ್ರೀಂ ಕೋರ್ಟ್ 2010ರಲ್ಲಿ, ಅದೂ ಕರ್ನಾಟಕದ್ದೇ ಸೆಲ್ವಿ ಕೇಸಿನಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವ ಹಾಗಿಲ್ಲ ಅಂದಿತು. ತಲೆಯೊಳಗೆ ಇರೋದನ್ನು ಬಲವಂತವಾಗಿ ಹೊರಗೆ ತೆಗೆಯಬಾರದು ಅಂತ. ಪಾಸ್‌ವರ್ಡ್ ಇರೋದು ಬೆರಳಲ್ಲಾ, ತಲೆಯಲ್ಲಾ? 2022ರಲ್ಲಿ ದೆಹಲಿಯ ಸಿಬಿಐ ವಿಶೇಷ ಕೋರ್ಟ್ ತಲೆಯಲ್ಲಿ ಅಂತ ಹೇಳಿ, ಆರೋಪಿ ಪಾಸ್‌ವರ್ಡ್ ಕೊಡಬೇಕಿಲ್ಲ ಅಂದಿತು. ಆದರೆ ಬೆರಳಿಟ್ಟು ತೆರೆಯೋ ಫೋನಾದರೆ ಬೆರಳು ಕೊಡಬೇಕಂತೆ! ಒಂದೇ ಫೋನು, ಹೇಗೆ ಬೀಗ ಹಾಕಿದ್ದೀರಿ ಅನ್ನೋದರ ಮೇಲೆ ಹಕ್ಕು ಬದಲಾಗುತ್ತೆ. ನಾನಂತೂ ಅವತ್ತಿಂದ ಬೆರಳು ಬಿಟ್ಟು ಆರಂಕಿ ಪಿನ್ ಇಟ್ಟುಕೊಂಡಿದ್ದೀನಿ.

ಹಳೇಲಾಠಿ:
ನಾನು ಖಾಕಿ ಹಾಕಿ ನಿವೃತ್ತಿ ಆದವನು. ರಸ್ತೆಯಲ್ಲಿ ಫೋನ್ ಕಿತ್ತುಕೊಂಡು ನೋಡೋದು ತಪ್ಪು, ನನ್ನ ಕೈಕೆಳಗೆ ಯಾರಾದರೂ ಮಾಡಿದ್ದರೆ ಬಯ್ಯುತ್ತಿದ್ದೆ. ಆದರೆ ವಕೀಲರು ಹೇಳದ ಕಥೆ ಒಂದಿದೆ.

ಪಿಯುಸಿ ಹುಡುಗಿ, ಮನೆಯಿಂದ ಹೋದವಳು ಬರಲಿಲ್ಲ. ಫೋನ್ ದಿಂಬಿನ ಕೆಳಗೇ ಬಿಟ್ಟು ಹೋಗಿದ್ದಳು. ಲಾಕ್. ಲ್ಯಾಬಿಗೆ ಕಳಿಸಿದರೆ ಅಲ್ಲಿ ಉದ್ದದ ಸಾಲು. ಕಾಲ್ ರೆಕಾರ್ಡ್ ತರಿಸಿದರೆ ಅದರಲ್ಲಿ ಬರೀ ಅಪ್ಪ, ಅಮ್ಮ, ರೀಚಾರ್ಜ್ ಅಂಗಡಿ. ಉಳಿದದ್ದೆಲ್ಲಾ ಆ್ಯಪಿನೊಳಗೆ. ಹನ್ನೊಂದು ದಿನ ಅವಳ ತಾಯಿ ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದರು. ಕೊನೆಗೆ ಹುಡುಗಿ ಸಿಕ್ಕಿದಳು, ಬದುಕಿದ್ದಳು, ನಮ್ಮ ಪುಣ್ಯ. ಆ ಬೆಂಚಿನ ಮುಂದೆ ದಿನಾ ಹಾದು ಹೋಗಿ ನೋಡಿ, ಆಮೇಲೆ ಖಾಸಗಿತನದ ಮಾತಾಡಿ.

ನಾನು ಕೇಳೋದು ಇಷ್ಟೇ. ಬ್ಯಾಂಕ್ ಲಾಕರ್‌ಗೆ ಎರಡು ಕೀಲಿ ಇರುತ್ತೆ ಅಲ್ವಾ? ಒಂದು ನಿಮ್ಮದು, ಒಂದು ಬ್ಯಾಂಕಿನದು. ಹಾಗೇ ಫೋನ್ ಕಂಪನಿ ಹತ್ರ ಒಂದು ಕೀಲಿ ಇರಲಿ. ಜಡ್ಜ್ ಸಹಿ ಹಾಕಿದರೆ ಮಾತ್ರ ತೆಗೆಯಲಿ. ಇದರಲ್ಲಿ ಏನು ಅನ್ಯಾಯ?

ಬೈಟುಕಾಫಿ:
ಸರ್, ಆ ತಾಯಿ ವಿಷಯ ಓದಿ ನಿಜವಾಗ್ಲೂ ಬೇಜಾರಾಯಿತು. ಆದರೆ ಲಾಕರ್ ಉದಾಹರಣೆ ನಿಮಗೇ ತಿರುಗಿಬೀಳುತ್ತೆ. ಬ್ಯಾಂಕಿನ ಕೀಲಿ ಒಂದರಿಂದಲೇ ಲಾಕರ್ ತೆರೆಯಲ್ಲ, ನಿಮ್ಮದೂ ಬೇಕು. ನೀವು ಕೇಳ್ತಿರೋದು ನನ್ನ ಕೀಲಿ ಇಲ್ಲದೆ ಎಲ್ಲಾ ಲಾಕರ್ ತೆರೆಯೋ ಒಂದೇ ಕೀಲಿ. ಅದನ್ನು ಎಲ್ಲಿಡ್ತೀರಿ?

ಅಮೆರಿಕದಲ್ಲಿ ವಿಮಾನ ಪ್ರಯಾಣಿಕರ ಸೂಟ್‌ಕೇಸ್ ಬೀಗಕ್ಕೆ ಹೀಗೇ ಸರ್ಕಾರಿ ಮಾಸ್ಟರ್ ಕೀಲಿ ಇದೆ. ಒಂದು ಪತ್ರಿಕೆ ಆ ಕೀಲಿಗಳ ಫೋಟೊ ಹಾಕಿತು. 2015ರಲ್ಲಿ ಆ ಫೋಟೊ ನೋಡಿಯೇ ಜನ ಮನೆಯಲ್ಲಿ ತ್ರೀಡಿ ಪ್ರಿಂಟರ್‌ನಿಂದ ಕೀಲಿ ಮಾಡಿಕೊಂಡರು. ಬೀಗ ತೆರೆಯಿತು.

ಅದು ಸೂಟ್‌ಕೇಸು, ಹೋಗಲಿ. ಅಮೆರಿಕದ ಟೆಲಿಫೋನ್ ಕಂಪನಿಗಳು ಸರ್ಕಾರ ಕೇಳಿದಾಗ ಕರೆ ಕದ್ದಾಲಿಸಲು ದಾರಿ ಮಾಡಿಕೊಡಬೇಕು ಅಂತ 1994ರಿಂದ ಕಾನೂನಿದೆ. 2024ರಲ್ಲಿ ಬಯಲಾಗಿದ್ದೇನು? ಚೀನಾದ ಹ್ಯಾಕರ್‌ಗಳು ಆ ಕಂಪನಿಗಳೊಳಗೆ ನುಗ್ಗಿ, ಅದೇ ಕದ್ದಾಲಿಕೆ ವ್ಯವಸ್ಥೆಗೂ ಕೈ ಹಾಕಿದ್ದರು. ಆಗ ಅಲ್ಲಿನ ಸರ್ಕಾರಿ ಅಧಿಕಾರಿಗಳೇ ಜನರಿಗೆ ಎನ್‌ಕ್ರಿಪ್ಷನ್ ಇರೋ, ಅಂದರೆ ಕಳಿಸಿದವರು ಪಡೆದವರು ಬಿಟ್ಟು ಬೇರೆಯವರು ಓದೋಕಾಗದ ಆ್ಯಪ್ ಬಳಸಿ ಅಂದರು! ವರ್ಷಗಟ್ಟಲೆ ಎನ್‌ಕ್ರಿಪ್ಷನ್ ಅಡ್ಡ ಬರ್ತಿದೆ ಅಂತ ಗೋಳಾಡಿದವರೇ.

ಹಳೇಲಾಠಿ:
ಬರೀ ಅಮೆರಿಕ ಅಮೆರಿಕ. ಅಲ್ಲಿ ಎಫ್‌ಬಿಐ ಐಫೋನ್ ತೆರೆದೇ ತೆರೆಯಿತಲ್ಲ?

ಬೈಟುಕಾಫಿ:
ತೆರೆಯಿತು, ಆದರೆ ಹೇಗೆ ಅನ್ನೋದು ನೋಡಿ. 2015ರ ಡಿಸೆಂಬರ್‌ನಲ್ಲಿ ಸ್ಯಾನ್ ಬರ್ನಾರ್ಡಿನೊದಲ್ಲಿ 14 ಜನರನ್ನು ಗುಂಡಿಕ್ಕಿ ಕೊಂದರು. ಹಂತಕ ಬಳಸ್ತಿದ್ದ ಐಫೋನ್ 5ಸಿ ಅವನ ಸರ್ಕಾರಿ ಕಚೇರಿಯದು. ಹತ್ತು ಸಲ ತಪ್ಪು ಪಿನ್ ಹೊಡೆದರೆ ಒಳಗಿರೋದೆಲ್ಲಾ ಅಳಿಸಿ ಹೋಗುವ ಸೆಟ್ಟಿಂಗ್ ಅದರಲ್ಲಿ ಇರಬಹುದು ಅನ್ನೋ ಭಯ. ಆ ತಡೆ ತೆಗೆಯುವ ಬೇರೆ ಸಾಫ್ಟ್‌ವೇರ್ ಬರೆದುಕೊಡಿ ಅಂತ 2016ರ ಫೆಬ್ರವರಿಯಲ್ಲಿ ಕೋರ್ಟ್ ಆ್ಯಪಲ್‌ಗೆ ಹೇಳಿತು. ಆಧಾರ ಯಾವುದು ಗೊತ್ತಾ? 1789ರ ಒಂದು ಕಾನೂನು. ಆಗ ಆ್ಯಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಆಗಲ್ಲ ಅಂದರು.

ಆ ತಡೆ ಯಾಕೆ ಅಷ್ಟು ಮುಖ್ಯ ಅಂದರೆ, ಲೆಕ್ಕ ಸುಲಭ. ಆ ಐಫೋನ್ ಒಂದು ಪಿನ್ ಸರಿಯಾ ಅಂತ ನೋಡೋಕೆ ಸುಮಾರು 80 ಮಿಲಿಸೆಕೆಂಡ್ ತಗೊಳ್ಳುತ್ತೆ. ತಡೆ ಇಲ್ಲದಿದ್ದರೆ ನಾಲ್ಕಂಕಿಯ ಹತ್ತು ಸಾವಿರ ಪಿನ್‌ಗಳನ್ನೂ ಕಾಲು ಗಂಟೆಯೊಳಗೆ ಹೊಡೆದು ಮುಗಿಸಬಹುದು. ಆರಂಕಿ ಇದ್ದರೆ 22 ಗಂಟೆ. ಇಷ್ಟೇ ನಮ್ಮ ಬೀಗ. ಅದನ್ನು ಕಾಯೋದು ಆ ಹತ್ತು ಸಲದ ಕಾವಲು.

ಕೊನೆಗೆ ಮಾರ್ಚ್ 28ರಂದು ಎಫ್‌ಬಿಐ ಬೇರೊಬ್ಬರಿಂದ ಆ ಒಂದು ಫೋನ್ ತೆರೆಸಿ ಕೇಸ್ ವಾಪಸ್ ತಗೊಂಡಿತು. ನನಗೆ ಅದರಲ್ಲಿ ತಕರಾರಿಲ್ಲ. ಒಂದು ಫೋನು, ಒಂದು ಕೇಸು, ಒಂದು ಖರ್ಚು. ಕಷ್ಟಪಟ್ಟು ತೆರೀಬೇಕಾದಾಗ ಎಲ್ಲರದ್ದೂ ತೆರೆಯೋಕೆ ಹೋಗಲ್ಲ.

ಥೇಮ್ಸ್‌ದಂಡೆ:
ಲಂಡನ್ನಿನಿಂದ ಬರೀತಿದ್ದೀನಿ. ಇಲ್ಲಿ ಕೋರ್ಟ್ ಅನುಮತಿ ಪಡೆದು ನೋಟಿಸ್ ಕೊಟ್ಟ ಮೇಲೂ ಪಾಸ್‌ವರ್ಡ್ ಕೊಡದಿದ್ದರೆ ಅದೇ ಒಂದು ಅಪರಾಧ. ಮಾಮೂಲಿ ಕೇಸಿಗೆ ಎರಡು ವರ್ಷದವರೆಗೆ ಜೈಲು. 2025ರ ಫೆಬ್ರವರಿಯಲ್ಲಿ ಆ್ಯಪಲ್ ತನ್ನ ಐಕ್ಲೌಡ್ ಬ್ಯಾಕಪ್‌ನ (ಫೋನಲ್ಲಿರೋದರ ನಕಲು ಕಂಪನಿಯ ಸರ್ವರ್‌ನಲ್ಲಿ ಇಡೋದು) ಅತಿ ಗಟ್ಟಿ ಎನ್‌ಕ್ರಿಪ್ಷನ್ ಅನ್ನು ಬ್ರಿಟನ್ನಿನ ಹೊಸ ಬಳಕೆದಾರರಿಗೆ ಕೊಡೋದನ್ನೇ ನಿಲ್ಲಿಸಿತು. ಆ ಬ್ಯಾಕಪ್ ನೋಡೋಕೆ ದಾರಿ ಮಾಡಿಕೊಡಿ ಅಂತ ಸರ್ಕಾರ ಗುಟ್ಟಾಗಿ ಆದೇಶ ಕೊಟ್ಟಿದೆ ಅಂತ ಪತ್ರಿಕೆಯಲ್ಲಿ ಬಂದಿತ್ತು. ಮಂಡ್ಯದಲ್ಲಿರೋ ನನ್ನ ತಮ್ಮ ಅದೇ ಫೋನಲ್ಲಿ ಆ ಸ್ವಿಚ್ ಆನ್ ಮಾಡಬಹುದು. ಇಲ್ಲಿ ಹೊಸದಾಗಿ ಫೋನ್ ತಗೊಂಡವರಿಗೆ ಆಗಲ್ಲ. ಸಾಲ ಮಾಡಿ ಲಂಡನ್ನಿಗೆ ಬಂದಿದ್ದಕ್ಕೆ ಇದು.

ಹಳೇಲಾಠಿ:
ಸರಿ, ಫೋನ್ ಬಿಡಿ. ವಾಟ್ಸ್‌ಆ್ಯಪ್ ಸುದ್ದಿಗೆ ಬನ್ನಿ. 2018ರ ಜುಲೈ, ಬೀದರ್ ಜಿಲ್ಲೆಯ ಮುರ್ಕಿ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಸುಳ್ಳು ಮೆಸೇಜ್ ನಂಬಿ ಜನ ಒಬ್ಬ ಸಾಫ್ಟ್‌ವೇರ್ ಹುಡುಗನನ್ನು ಹೊಡೆದು ಕೊಂದರು. ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ತಪ್ಪಾಯಿತು. ಇಂಥ ಮೆಸೇಜ್ ಮೊದಲು ಯಾರು ಬರೆದರು ಅಂತ ಕಂಪನಿ ಹೇಳಬೇಕು ಅಂತ 2021ರಲ್ಲಿ ಕೇಂದ್ರ ನಿಯಮ ಮಾಡಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಎನ್‌ಕ್ರಿಪ್ಷನ್ ಮುರೀರಿ ಅಂದರೆ ದೇಶ ಬಿಟ್ಟು ಹೋಗ್ತೀವಿ ಅಂತ 2024ರಲ್ಲಿ ಅವರ ವಕೀಲರು ಹೇಳಿದರು. ಹೋಗಲಿ ಬಿಡಿ!

ಬೈಟುಕಾಫಿ:
ಹೋದರೆ ನಮ್ಮ ಅಪಾರ್ಟ್‌ಮೆಂಟ್ ಗ್ರೂಪ್‌ನಿಂದ ಮುಕ್ತಿ, ಅದೊಂದು ಲಾಭ.

ತಮಾಷೆ ಬಿಡಿ. ಮೊದಲು ಯಾರು ಅಂತ ಗೊತ್ತಾಗಬೇಕಾದರೆ ಎಲ್ಲರ ಎಲ್ಲಾ ಮೆಸೇಜ್‌ಗೂ ಗುರುತು ಹಾಕಿಡಬೇಕು. ನಾಳೆ ಯಾವುದನ್ನು ಹುಡುಕಬೇಕಾಗುತ್ತೆ ಅಂತ ಇವತ್ತೇ ಗೊತ್ತಿರಲ್ಲವಲ್ಲ? ಮುರ್ಕಿಯಲ್ಲಿ ಗ್ರೂಪ್ ಅಡ್ಮಿನ್‌ನನ್ನೂ ಪೊಲೀಸರು ಹಿಡಿದರು, ಯಾವ ಮಾಸ್ಟರ್ ಕೀಲಿಯೂ ಇಲ್ಲದೆ. ಗ್ರೂಪ್ ಅಂದ್ಮೇಲೆ ಒಬ್ಬರಲ್ಲ ಒಬ್ಬರು ತೋರಿಸ್ತಾರೆ. ಆಮೇಲೆ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಕಂಪನಿ ಮಿತಿ ಹಾಕಿತಲ್ಲ, ಅದು ಯಾರ ಗುಟ್ಟನ್ನೂ ಮುಟ್ಟಲಿಲ್ಲ.

ಕರಿಕೋಟು:
ಹಳೇಲಾಠಿಯವರು "ಜಡ್ಜ್ ಸಹಿ ಹಾಕಿದರೆ" ಅಂದರಲ್ಲ, ಅಲ್ಲೇ ನನ್ನ ಅನುಮಾನ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 69ರಲ್ಲಿ ಎನ್‌ಕ್ರಿಪ್ಷನ್ ಇರೋ ಮಾಹಿತಿ ಬಿಡಿಸಿಕೊಡಿ ಅಂತ ಆದೇಶ ಕೊಡೋಕೆ ಜಡ್ಜ್ ಬೇಕಿಲ್ಲ. ಗೃಹ ಕಾರ್ಯದರ್ಶಿ ಸಾಕು. ರಾಜ್ಯದಲ್ಲೂ ಹಾಗೇ. ಸಹಕರಿಸದಿದ್ದರೆ ಏಳು ವರ್ಷದವರೆಗೆ ಶಿಕ್ಷೆ. ಕೇಳೋದೂ ಸರ್ಕಾರ, ಒಪ್ಪೋದೂ ಸರ್ಕಾರ, ಸರಿಯಾಗಿದೆಯಾ ಅಂತ ಪರಿಶೀಲಿಸೋ ಸಮಿತಿಯೂ ಸರ್ಕಾರದ ಕಾರ್ಯದರ್ಶಿಗಳದ್ದೇ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ 9 ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಸೆಕ್ಷನ್ 69 ಅದಾದ ಮೇಲೂ ಹಾಗೇ ಇದೆ.

ಬೆಣ್ಣೆದೋಸೆ:
ನಾನು ಹೈಸ್ಕೂಲ್ ಟೀಚರ್. ಕಾನೂನು, ಟೆಕ್ನಾಲಜಿ ನನಗೆ ಅಷ್ಟಾಗಿ ತಿಳಿಯಲ್ಲ. ಆದರೆ ಎಲ್ಲರೂ "ನನ್ನ ಫೋನ್, ನನ್ನ ಹಕ್ಕು" ಅಂತಿದ್ದೀರಿ. ನನ್ನ ಫೋನಲ್ಲಿ ನನ್ನದೇನಿದೆ? ಅಡುಗೆ ವಿಡಿಯೊ. ಉಳಿದದ್ದೆಲ್ಲಾ ಬೇರೆಯವರದ್ದು. ಒಂಬತ್ತನೇ ಕ್ಲಾಸಿನ ಹುಡುಗಿಯ ತಾಯಿ ರಾತ್ರಿ ಹತ್ತಕ್ಕೆ ಕಳಿಸಿದ ವಾಯ್ಸ್ ಮೆಸೇಜ್ ಇದೆ. ಗಂಡ ಮಲಗಿದ ಮೇಲೆ ಪಿಸುಪಿಸು ದನಿಯಲ್ಲಿ ಮಾತಾಡಿದ್ದಾರೆ, ಹಿಂದೆ ಫ್ಯಾನ್ ಸದ್ದು ಕೇಳುತ್ತೆ. ಅವರು ನನ್ನನ್ನು ನಂಬಿ ಕಳಿಸಿದ್ದು. ಯಾರೋ ಕೇಳಿದರು ಅಂತ ನಾನು ಲಾಕ್ ತೆಗೆದರೆ ಕೊಟ್ಟಿದ್ದು ಯಾರ ಗುಟ್ಟು? "ನನ್ನತ್ರ ಮುಚ್ಚಿಡೋಕೆ ಏನೂ ಇಲ್ಲ" ಅನ್ನೋರು ಬೇರೆಯವರ ಪರವಾಗಿ ಹೇಗೆ ಹಾಗನ್ನುತ್ತಾರೆ?

ರಾತ್ರಿಪಾಳಿ ಅವರೇ, ಅಕ್ಕನಿಗೆ ಹೇಳಿದ್ರಾ?

ಹಳೇಲಾಠಿ:
ಟೀಚರ್ ಮೇಡಂ ಮಾತಿಗೆ ನನ್ನತ್ರ ಉತ್ತರ ಇಲ್ಲ. ಆ ಪಿಯುಸಿ ಹುಡುಗಿ ಫೋನ್ ಕೊನೆಗೆ ತೆರೆದಾಗ ಅವಳ ಗೆಳತಿಯರ ಸಂಗತಿಗಳೂ ಬೇಡ ಬೇಡ ಅಂದ್ರೂ ಕಣ್ಣಿಗೆ ಬಿದ್ದವು. ಸ್ಟೇಷನ್ನಿನಲ್ಲಿ ಎರಡು ದಿನ ಅದೇ ಮಾತು ಓಡಾಡಿತು. ನಾನೇ ಬಾಯಿ ಮುಚ್ಚಿಸಬೇಕಾಯಿತು. ಆದರೂ ಹೇಳ್ತೀನಿ, ಹನ್ನೊಂದು ದಿನ ಜಾಸ್ತಿ ಆಯಿತು. ಜಿಲ್ಲೆಗೊಂದು ಒಳ್ಳೇ ಲ್ಯಾಬ್ ಕೊಡಿ, ಕೀಲಿ ನೀವೇ ಇಟ್ಟುಕೊಳ್ಳಿ.

ರಾತ್ರಿಪಾಳಿ:
ಅಕ್ಕನಿಗೆ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಸಂಜೆ ನೋಡಿದರೆ ತನ್ನ ಮೆಸೇಜ್‌ಗಳನ್ನೆಲ್ಲಾ ಒಂದೊಂದಾಗಿ ಅಳಿಸೋಕೆ ನೋಡಿದ್ದಾಳೆ. ಹಳೇವು ನನ್ನ ಫೋನಿಂದ ಹೋಗಿಲ್ಲ, ನಾನೇ ತೆಗೆದೆ. ಈಗ ಏನಾದರೂ ಇದ್ದರೆ ಫೋನ್ ಮಾಡ್ತಾಳೆ.

ಅಮ್ಮನಿಗೂ ವಿಷಯ ಗೊತ್ತಾಯಿತು. ಇನ್ಮೇಲೆ ಗಂಜಿ ಅಂತ ಬರೆಯಲ್ಲ ಅಂದರು. ನಿನ್ನೆ ರಾತ್ರಿ ಬಂದ ಮೆಸೇಜ್: "ಬಿಳೀದು ಡಬ್ಬೀಲಿ ಇಟ್ಟಿದ್ದೀನಿ, ಯಾರಿಗೂ ಹೇಳಬೇಡ."